ಪತ್ರಗಳಲ್ಲಿ ಓದಿದ ಮುಂಬೈಯನ್ನು ಕಣ್ಣಾರೆ ನೋಡಿ ಬನ್ನಿ

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಒಮ್ಮೆ ಕೇಳಿ ನೋಡಿ. ಅಜ್ಜನೋ, ಉಪ್ಪನೋ, ಮಾವನೋ ಬೊಂಬಾಯಿಯಲ್ಲಿ ದುಡಿದ ಕಥೆ ಹೆಚ್ಚಿನ ಮನೆಗಳಲ್ಲಿ ಇದ್ದೇ ಇರುತ್ತದೆ. ಹೋಟೆಲಿನಲ್ಲಿ ಗ್ಲಾಸು ತೊಳೆದವರು, ಬಂದರಿನಲ್ಲಿ ಮೂಟೆ ಹೊತ್ತವರು, ಗಲ್ಫಿನ ವೀಸಾಕ್ಕಾಗಿ ತಿಂಗಳುಗಟ್ಟಲೆ ಕಾದು ಕುಳಿತವರು ಎಷ್ಟೊಂದು ಮಂದಿ! ಆದರೆ ಆ ಮನೆಗಳ ಹೆಂಗಸರಿಗೆ ಮುಂಬೈ ಎಂದರೆ ಮನಿಯಾರ್ಡರಿನ ಮೇಲಿನ ಮುದ್ರೆ, ಪತ್ರದ ಹಿಂಬದಿಯ ವಿಳಾಸ, ರಜೆಯಲ್ಲಿ ಬರುವಾಗ ತಂದ ಮಾಹಿಮ್ ಹಲ್ವದ ಡಬ್ಬ. ಅಷ್ಟೇ.

ನನ್ನ ಉಪ್ಪ ಭೆಂಡಿ ಬಝಾರಿನ ಚಾ ಹೋಟೆಲೊಂದರಲ್ಲಿ ಹದಿನೆಂಟು ವರ್ಷ ದುಡಿದವರು. ಅವರೀಗ ಇಲ್ಲ. "ಅವರು ಇದ್ದ ಊರನ್ನು ನಾನೊಮ್ಮೆ ನೋಡಬೇಕಿತ್ತು" ಎಂದು ಉಮ್ಮ ಆಗಾಗ ಹೇಳುತ್ತಿದ್ದರು. ನಾವು ಕೇಳಿಸಿಕೊಂಡು ಸುಮ್ಮನಾಗುತ್ತಿದ್ದೆವು. ಕೊನೆಗೆ ಎಪ್ಪತ್ತು ದಾಟಿದ ಉಮ್ಮನನ್ನು ಕರೆದುಕೊಂಡು ಮೂರು ದಿನಗಳ ಮಟ್ಟಿಗೆ ಹೋಗಿ ಬಂದೆವು. ನಿಮ್ಮ ಮನೆಯಲ್ಲೂ ಇಂತಹ ಆಸೆ ಹೊತ್ತ ಹಿರಿಯರಿರಬಹುದು. ಅವರಿಗಾಗಿ ಮತ್ತು ನಿಮಗಾಗಿ ಈ ಬರಹ.

ಹೋಗುವುದು ಹೇಗೆ?

1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಕರಾವಳಿಗೆ ಮುಂಬೈ ಒಂದು ರಾತ್ರಿಯ ದಾರಿಯಾಗಿದೆ. ಮಂಗಳೂರಿನಿಂದ ಹೊರಡುವ ಮತ್ಸ್ಯಗಂಧ ರೈಲು ಉಡುಪಿ, ಕುಂದಾಪುರ, ಭಟ್ಕಳಗಳನ್ನು ಹಾದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಸೇರುತ್ತದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಮಳೆಗಾಲದಲ್ಲಿ ವಯಸ್ಸಾದವರನ್ನು ಕರೆದೊಯ್ಯಬೇಡಿ.

ನಗರದೊಳಗೆ ಲೋಕಲ್ ರೈಲಿನಲ್ಲಿ ಮಹಿಳೆಯರಿಗೆ ಪ್ರತ್ಯೇಕ ಬೋಗಿಗಳಿವೆ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು ಗಂಟೆಯ ನೂಕುನುಗ್ಗಲನ್ನು ತಪ್ಪಿಸಿದರೆ ಆ ಪ್ರಯಾಣವೇ ಒಂದು ಅನುಭವ. ತರಕಾರಿ ಬಿಡಿಸುವವರು, ಹೇರ್‌ಪಿನ್ ಮಾರುವವರು, ತಸ್ಬೀಹ್ ಹಿಡಿದವರು, ಆಫೀಸಿನ ಫೈಲು ಹಿಡಿದವರು ಎಲ್ಲರೂ ಒಂದೇ ಬೆಂಚಿನಲ್ಲಿ! ಒಂಟಿ ಹೆಂಗಸೊಬ್ಬಳು ದಾರಿ ಕೇಳಿದರೆ ಅಲ್ಲಿ ಯಾರೂ ಕಣ್ಣರಳಿಸಿ ನೋಡುವುದಿಲ್ಲ.

ಮೊದಲ ದಿನ: ಬೋರಿಬಂದರಿನಿಂದ ಭೆಂಡಿ ಬಝಾರಿಗೆ

ನಿಮ್ಮ ಸುತ್ತಾಟವನ್ನು ಹಳಬರು ಬೋರಿಬಂದರ್ ಎಂದೇ ಕರೆಯುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಆರಂಭಿಸಿ. 1878ರಲ್ಲಿ ಕೆಲಸ ಆರಂಭವಾಗಿ ಸುಮಾರು ಹತ್ತು ವರ್ಷಗಳಲ್ಲಿ ಮುಗಿದ ಈ ನಿಲ್ದಾಣ 2004ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಕ್ಕದಲ್ಲೇ ಪ್ರಧಾನ ಅಂಚೆ ಕಚೇರಿ ಇದೆ. 1913ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಗುಮ್ಮಟವನ್ನು ತಲೆಯೆತ್ತಿ ನೋಡಿ. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿದರೆ ಆಶ್ಚರ್ಯವಿಲ್ಲ. ನಮ್ಮ ಬಿಜಾಪುರದ ಗೋಲಗುಂಬಜವೇ ಅದಕ್ಕೆ ಮಾದರಿ. ಕರಾವಳಿಯ ಎಷ್ಟು ಮನೆಗಳ ಅಕ್ಕಿ, ಬಟ್ಟೆ, ಶಾಲೆಯ ಫೀಸು ಈ ನಗರದ ಅಂಚೆಯ ಮೂಲಕ ಬಂದಿತ್ತೋ!

ನಿಲ್ದಾಣದ ಬಳಿಯೇ ಹಜ್ಜ್ ಹೌಸ್ ಇದೆ. ಹಿಂದೆ ಹಜ್ಜ್‌ಗೆ ಹೋಗುವವರು ಮೊದಲು ಮುಂಬೈ ಸೇರಿ, ಮುಸಾಫಿರ್‌ಖಾನೆಗಳಲ್ಲಿ ತಂಗಿ, ಇಲ್ಲಿನ ಬಂದರಿನಿಂದ ಹಡಗು ಹತ್ತುತ್ತಿದ್ದರು. ಮರಳಿ ಬರುತ್ತೇವೆಂಬ ಖಾತ್ರಿ ಇಲ್ಲದೆ ಎಲ್ಲರಲ್ಲೂ ಕ್ಷಮೆ ಕೇಳಿ ಹೊರಡುತ್ತಿದ್ದ ಕಾಲ ಅದು. 1995ರಲ್ಲಿ ಆ ಹಡಗು ಯಾನ ನಿಂತಿತು. ಈಗ ನಮ್ಮ ರಾಜ್ಯದ ಯಾತ್ರಿಕರು ಬೆಂಗಳೂರಿನಿಂದಲೇ ವಿಮಾನ ಏರುತ್ತಾರೆ.

ಅಲ್ಲಿಂದ ಸ್ವಲ್ಪ ನಡೆದರೆ 1869ರ ಕ್ರಾಫರ್ಡ್ ಮಾರುಕಟ್ಟೆ. ಈಗಿನ ಹೆಸರು ಮಹಾತ್ಮ ಜ್ಯೋತಿಬಾ ಫುಲೆ ಮಂಡಿ. ಹಣ್ಣು, ಒಣ ಹಣ್ಣು, ಮಸಾಲೆ ಎಲ್ಲವೂ ಸಿಗುತ್ತವೆ. ಚೌಕಾಶಿ ಮಾಡಲು ಸಂಕೋಚ ಬೇಡ. ಹತ್ತಿರದ ಶೇಖ್ ಮೆಮನ್ ಬೀದಿಯಲ್ಲಿ 1802ರಲ್ಲಿ ಪೂರ್ಣಗೊಂಡ ಜಾಮಿಯಾ ಮಸೀದಿ ಇದೆ. ಹಳೆಯ ಕೆರೆಯೊಂದರ ಮೇಲೆ ಕಲ್ಲಿನ ಕಮಾನುಗಳನ್ನು ಎತ್ತಿ ಕಟ್ಟಿದ ಮಸೀದಿ ಇದು. ನೀರು ಇಂದಿಗೂ ಇದೆ, ಅದರಲ್ಲಿ ಮೀನುಗಳು ಓಡಾಡುತ್ತವೆ. ಮಹಿಳೆಯರಿಗೆ ಎಲ್ಲಿಯವರೆಗೆ ಪ್ರವೇಶವಿದೆ, ನಮಾಝ್‌ಗೆ ಜಾಗವಿದೆಯೇ ಎಂಬುದನ್ನು ಬಾಗಿಲಲ್ಲೇ ವಿಚಾರಿಸಿಕೊಳ್ಳಿ. ಮುಂಬೈಯ ಪ್ರತಿ ಮಸೀದಿಗೂ ಈ ಮಾತು ಅನ್ವಯಿಸುತ್ತದೆ.

ಮುಂದೆ ಮುಹಮ್ಮದಲಿ ರಸ್ತೆ. ಮಿನಾರಾ ಮಸೀದಿಯ ಜೋಡಿ ಮಿನಾರಗಳು ದೂರದಿಂದಲೇ ಕಾಣುತ್ತವೆ. ಅಲ್ಲಿಂದ ಡೋಂಗ್ರಿಯ ಕಡೆಗೆ ಹೋದರೆ ಇರಾನಿ ವ್ಯಾಪಾರಿಗಳು 1860ರಲ್ಲಿ ಕಟ್ಟಿಸಿದ ಮೊಗಲ್ ಮಸೀದಿ. ಮುಂಭಾಗವೆಲ್ಲ ನೀಲಿ ಹೆಂಚಿನ ಚಿತ್ತಾರ. ಗುಮ್ಮಟವೇ ಇಲ್ಲದ ಮಸೀದಿ ಎಂಬುದು ಅದರ ವಿಶೇಷ. ಭೆಂಡಿ ಬಝಾರಿನಲ್ಲಿ ದಾವೂದಿ ಬೋಹ್ರಾ ಸಮುದಾಯದ ರೌದತ್ ತಾಹಿರಾ ಇದೆ. ಅದರ ಒಳಗಿನ ಅಮೃತಶಿಲೆಯ ಗೋಡೆಗಳ ಮೇಲೆ ಇಡೀ ಕುರ್‌ಆನನ್ನು ಚಿನ್ನದಲ್ಲಿ ಬರೆಯಲಾಗಿದೆ.

ಉಪ್ಪನ ಗಲ್ಲಿ

ಉಪ್ಪನ ಪತ್ರಗಳ ವಿಳಾಸ ಹಿಡಿದು ನಾವು ಹುಡುಕಿಕೊಂಡು ಹೋದೆವು. ಗಲ್ಲಿ ಸಿಕ್ಕಿತು, ಕಟ್ಟಡ ಸಿಗಲಿಲ್ಲ. ಅದಿದ್ದ ಜಾಗದಲ್ಲಿ ತಗಡಿನ ಬೇಲಿ, ಅದರಾಚೆ ಕ್ರೇನು.

ಭೆಂಡಿ ಬಝಾರ್ ಈಗ ಬದಲಾಗುತ್ತಿದೆ. ಸುಮಾರು ಹದಿನಾರೂವರೆ ಎಕರೆಯಲ್ಲಿದ್ದ ಸುಮಾರು 250 ಹಳೆಯ ಕಟ್ಟಡಗಳನ್ನು ಕೆಡವಿ ಗೋಪುರದಂತಹ ವಸತಿಗಳನ್ನು ಕಟ್ಟುವ ಯೋಜನೆ 2009ರಲ್ಲಿ ಆರಂಭವಾಯಿತು. ಹಳೆಯದು ಹೋಯಿತಲ್ಲ ಎಂದು ನಮಗೆ ಬೇಸರವಾಗುವುದು ಸಹಜ. ಆದರೆ 2017ರ ಆಗಸ್ಟ್ 31ರಂದು ಇದೇ ಪರಿಸರದಲ್ಲಿ ಹಳೆಯ ಕಟ್ಟಡವೊಂದು ಕುಸಿದು ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಶಿಥಿಲ ಗೋಡೆಗಳ ನಡುವೆ ಮಕ್ಕಳನ್ನು ಮಲಗಿಸುವ ತಾಯಂದಿರಿಗೆ ಗಟ್ಟಿ ಸೂರು ಬೇಡವೇ? ನೋಡಿ ಹೋಗುವ ನಮ್ಮ ಕಣ್ಣಿನ ಖುಷಿಗಾಗಿ ಅವರು ಅಪಾಯದಲ್ಲಿ ಬದುಕಬೇಕೆಂದು ಬಯಸುವುದು ಸರಿಯಲ್ಲ.

ಗಲ್ಲಿಯ ಕೊನೆಯಲ್ಲಿ ಇನ್ನೂ ಉಳಿದಿದ್ದ ಹಳೆಯ ಕಟ್ಟಡವೊಂದರ ಮಹಿಳೆ ನಮ್ಮ ಕಥೆ ಕೇಳಿ ಒಳಗೆ ಕರೆದರು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ. ಶೌಚಾಲಯ ಕಾರಿಡಾರಿನ ಕೊನೆಗೆ, ಎಲ್ಲರಿಗೂ ಸೇರಿ. ಹಿಂದೆ ಇಂತಹ ಕೋಣೆಗಳನ್ನು ಒಂದೇ ಊರಿನ ಹತ್ತು ಹನ್ನೆರಡು ಗಂಡಸರು ಸೇರಿ ಬಾಡಿಗೆಗೆ ಹಿಡಿಯುತ್ತಿದ್ದರು, ಹಗಲು ಪಾಳಿಯವರು ಎದ್ದ ಚಾಪೆಯಲ್ಲಿ ರಾತ್ರಿ ಪಾಳಿಯವರು ಮಲಗುತ್ತಿದ್ದರು ಎಂದರು ಅವರು. ಉಮ್ಮ ಕೋಣೆಯನ್ನು ಒಂದು ಸುತ್ತು ನೋಡಿದರು. "ಹದಿನೆಂಟು ವರ್ಷದಲ್ಲಿ ಒಂದು ಪತ್ರದಲ್ಲಾದರೂ ಇದನ್ನು ಬರೆದಿಲ್ಲ. 'ಇಲ್ಲಿ ನಾವೆಲ್ಲ ಕ್ಷೇಮ' ಅಂತಲೇ ಬರೆಯುತ್ತಿದ್ದರು" ಎಂದರು. ನಂತರ ಆ ಮಹಿಳೆ ಕೊಟ್ಟ ಚಾವನ್ನು ಪೂರ್ತಿ ಕುಡಿದರು. ಸಕ್ಕರೆ ಹಾಕಿದ ಚಾ ಬಿಟ್ಟು ವರ್ಷಗಳಾಗಿದ್ದವು ಅವರಿಗೆ.

ತಿನ್ನಲು ಏನುಂಟು?

ರಮಝಾನ್‌ನಲ್ಲಿ ಹೋದರೆ ಇಫ್ತಾರಿನ ನಂತರ ಮಿನಾರಾ ಮಸೀದಿಯ ಸುತ್ತಲಿನ ಬೀದಿಗಳು ರಾತ್ರಿಯಿಡೀ ಎಚ್ಚರವಾಗಿರುತ್ತವೆ. ಮೊಟ್ಟೆ ಬೆರೆಸಿ ಕರಿದ ದೊಡ್ಡ ಮಾಲ್ಪುವ, ಮಣ್ಣಿನ ತಟ್ಟೆಯ ಫಿರ್ನಿ, ಮಾವಾ ಜಿಲೇಬಿ, ಸೀಖ್ ಕಬಾಬ್, ಬೈದಾ ರೋಟಿ ಎಲ್ಲವೂ ಸಿಗುತ್ತವೆ. ಕೊಂಕಣಿ ಮುಸ್ಲಿಮರ ಸಾಂದನ್ ಸಿಕ್ಕಿದರೆ ಬಿಡಬೇಡಿ. ಹಬೆಯಲ್ಲಿ ಬೇಯಿಸಿದ ಆ ಅಕ್ಕಿಯ ತಿಂಡಿ ನಮ್ಮ ಇಡ್ಲಿಯ ತಂಗಿಯಂತಿರುತ್ತದೆ. ಉಳಿದ ದಿನಗಳಲ್ಲಿ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ನಲ್ಲಿ ನಿಹಾರಿಯನ್ನು ಬೆಳಗಿನ ತಿಂಡಿಗೆ ತಿನ್ನಿ. ಸಿಹಿಗೆ ಸುಲೈಮಾನ್ ಉಸ್ಮಾನ್ ಅಂಗಡಿಯ ಅಫ್ಲಾತೂನ್ ಇದೆ.

ಬೋಹ್ರಾ ಮನೆಯ ಊಟಕ್ಕೆ ಆಹ್ವಾನ ಬಂದರೆ ಭಾಗ್ಯವೆಂದು ತಿಳಿಯಿರಿ. ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕುಳಿತು, ಮೊದಲು ಚಿಟಿಕೆ ಉಪ್ಪನ್ನು ನಾಲಿಗೆಗೆ ಮುಟ್ಟಿಸಿ ಊಟ ಆರಂಭಿಸುವುದು ಅವರ ರೂಢಿ. ಧೋಬಿ ತಲಾವ್ ಬಳಿಯ ಕ್ಯಾನಿ 1904ರಷ್ಟು ಹಳೆಯ ಇರಾನಿ ಹೋಟೆಲು. ಅಲ್ಲಿಯ ಬನ್ ಮಸ್ಕಾವನ್ನು ಚಾದಲ್ಲಿ ಅದ್ದಿ ತಿನ್ನಬೇಕು. ಹೊರಗಡೆ ಹಲಾಲ್ ಬಗ್ಗೆ ಸಂಶಯವಿದ್ದರೆ ಮುಜುಗರವಿಲ್ಲದೆ ಕೇಳಿ. ವಡಾಪಾವ್‌ಗೆ ಆ ಚಿಂತೆಯೂ ಇಲ್ಲ.

ಎರಡನೇ ದಿನ: ಸಮುದ್ರದ ಬದಿಗೆ

ಮುಂಜಾನೆಯೇ ಏಳಬಲ್ಲಿರಾದರೆ ಕೊಲಾಬಾದ ಸಸೂನ್ ಡಾಕ್ ನೋಡಿ. ಬಗ್ದಾದಿನಿಂದ ಬಂದು ನೆಲೆಸಿದ ಯಹೂದಿ ಮನೆತನವೊಂದು 1875ರಲ್ಲಿ ಕಟ್ಟಿಸಿದ ಧಕ್ಕೆ ಇದು. ಈಗ ಅದು ಮೀನುಗಾರರ ಲೋಕ. ಬೊಬ್ಬೆ ಹಾಕಿ ಹರಾಜು ಕೂಗುವ, ಲೆಕ್ಕದಲ್ಲಿ ಒಂದು ಪೈಸೆ ಬಿಡದ ಕೋಳಿ ಸಮುದಾಯದ ಮಹಿಳೆಯರನ್ನು ಕಂಡಾಗ ನಮ್ಮ ಮಲ್ಪೆಯ, ಮಂಗಳೂರಿನ ಧಕ್ಕೆ ನೆನಪಾಗದಿರದು.

ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗಿ. ಬ್ರಿಟಿಷ್ ದೊರೆ 1911ರಲ್ಲಿ ಬಂದಿಳಿದ ನೆನಪಿಗಾಗಿ ಕಟ್ಟಲು ಹೊರಟ ಈ ಕಮಾನು ಮುಗಿದದ್ದು 1924ರಲ್ಲಿ. ಸ್ವಾತಂತ್ರ್ಯಾನಂತರ, 1948ರ ಫೆಬ್ರವರಿ 28ರಂದು, ಕೊನೆಯ ಬ್ರಿಟಿಷ್ ಸೈನಿಕರು ಇದರಡಿಯಿಂದಲೇ ಹೊರನಡೆದರು. ಅಧಿಕಾರದ ಅಹಂಕಾರ ಎಷ್ಟು ದಿನ ಎಂಬುದಕ್ಕೆ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಗೇಟ್‌ವೇಯಿಂದ ಎಲಿಫೆಂಟಾ ದ್ವೀಪಕ್ಕೆ ಸುಮಾರು ಒಂದು ಗಂಟೆಯ ದೋಣಿ ಪ್ರಯಾಣ. ಬಂಡೆ ಕೊರೆದು ಮಾಡಿದ ಪ್ರಾಚೀನ ಗುಹೆಗಳು ಅಲ್ಲಿವೆ. ಸೋಮವಾರ ರಜೆ. ಮೆಟ್ಟಿಲು ಬಹಳ, ಮೊಣಕಾಲು ನೋವಿನವರು ಯೋಚಿಸಿ. 2024ರ ಡಿಸೆಂಬರ್‌ನಲ್ಲಿ ಈ ದಾರಿಯ ದೋಣಿಯೊಂದು ಅಪಘಾತಕ್ಕೀಡಾಗಿ ಹಲವರು ಜೀವ ಕಳೆದುಕೊಂಡರು. ಆದ್ದರಿಂದ ಲೈಫ್ ಜಾಕೆಟ್ ಕೇಳಿ ಪಡೆದು ತೊಟ್ಟುಕೊಳ್ಳಿ, ಮಕ್ಕಳಿಗೂ ತೊಡಿಸಿ. ದೋಣಿ ಬೇಡವೆಂದಾದರೆ ಗೇಟ್‌ವೇ ಬಳಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆಯಬಹುದು. ಅದರ ವಾಸ್ತುಶೈಲಿಗೂ ಗೋಲಗುಂಬಜದ ಸ್ಫೂರ್ತಿ ಇದೆ!

ಮೂರನೇ ದಿನ: ಹಾಜಿ ಅಲಿಯಿಂದ ಮಾಹಿಮ್‌ಗೆ

ಹಾಜಿ ಅಲಿ ದರ್ಗಾ ಇರುವುದು ಸಮುದ್ರದ ನಡುವೆ. ದಡದಿಂದ ಸುಮಾರು ಅರ್ಧ ಕಿಲೋಮೀಟರ್ ಕಿರುದಾರಿಯಲ್ಲಿ ನಡೆಯಬೇಕು. ಭರತದ ಹೊತ್ತಿನಲ್ಲಿ ದಾರಿ ಮುಳುಗುವುದರಿಂದ ಸಮಯ ವಿಚಾರಿಸಿಯೇ ಹೊರಡಿ. ಇಲ್ಲಿನ ಗೋರಿಯ ಒಳಾಂಗಣಕ್ಕೆ ಮಹಿಳೆಯರ ಪ್ರವೇಶವನ್ನು ನಿರ್ಬಂಧಿಸಲಾಗಿದೆ ಎಂಬುದು 2012ರಲ್ಲಿ ಸುದ್ದಿಯಾಯಿತು. ಮುಸ್ಲಿಮ್ ಮಹಿಳೆಯರೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2016ರ ಆಗಸ್ಟ್ 26ರಂದು ಬಾಂಬೆ ಹೈಕೋರ್ಟ್ ನಿರ್ಬಂಧವನ್ನು ರದ್ದುಪಡಿಸಿತು. ಅದೇ ವರ್ಷ ದರ್ಗಾದ ಟ್ರಸ್ಟ್ ಕೂಡ ಸುಪ್ರೀಮ್ ಕೋರ್ಟಿನಲ್ಲಿ ಅದನ್ನು ಒಪ್ಪಿಕೊಂಡಿತು. ದರ್ಗಾ ಸಂದರ್ಶನದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಬಾಗಿಲು ಹೆಂಗಸರಿಗೆ ಮಾತ್ರ ಮುಚ್ಚಿದ್ದೇಕೆ ಎಂದು ಕೇಳಿದ ಆ ಸೋದರಿಯರನ್ನು ನೆನೆಯಿರಿ.

ಮಧ್ಯಾಹ್ನಕ್ಕೆ ಮಾಟುಂಗಾ ಸೇರಿ. 2017ರಲ್ಲಿ ಇಲ್ಲಿನ ಮಧ್ಯ ರೈಲ್ವೆ ನಿಲ್ದಾಣವನ್ನು ಟಿಕೆಟ್ ಕೌಂಟರಿನಿಂದ ರಕ್ಷಣೆಯವರೆಗೆ ಮಹಿಳಾ ಸಿಬ್ಬಂದಿಗೇ ವಹಿಸಲಾಯಿತು. ನಿಲ್ದಾಣದ ಬಳಿ 1942ರಿಂದ ಇರುವ ರಾಮನಾಯಕರ ಉಡುಪಿ ಹೋಟೆಲಿನಲ್ಲಿ ಅನ್ನ, ಸಾರು ಸಿಗುತ್ತದೆ. ಮೂರು ದಿನ ಕಬಾಬು ನೋಡಿ ಸುಸ್ತಾಗಿದ್ದ ಉಮ್ಮ ಅಲ್ಲಿ ಹೊಟ್ಟೆ ತುಂಬ ಉಂಡರು.

ಕೊನೆಯ ತಾಣ ಮಾಹಿಮ್. ಅಲ್ಲಿ ಮಖ್ದೂಮ್ ಅಲಿ ಮಾಹಿಮಿಯವರ ದರ್ಗಾ ಇದೆ. ಅವರು ಸುಮಾರು ಆರುನೂರು ವರ್ಷಗಳ ಹಿಂದಿನ ಮಹಾನ್ ವಿದ್ವಾಂಸರು, ಅರಬಿಯಲ್ಲಿ ಕುರ್‌ಆನ್ ವ್ಯಾಖ್ಯಾನ ಬರೆದವರು. ನಮ್ಮ ಭಟ್ಕಳದ ನವಾಯತರು ಯಾವ ಬಳಗಕ್ಕೆ ಸೇರಿದವರೋ ಅವರೂ ಅದೇ ನವಾಯತ ಮೂಲದವರು. ಅವರ ಬಾಲ್ಯದ ಕಥೆಯೊಂದನ್ನು ಜನ ಹೇಳುತ್ತಾರೆ. ರಾತ್ರಿ ತಾಯಿ ನೀರು ಕೇಳಿದರಂತೆ. ನೀರು ತರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಹುಡುಗ ಬಟ್ಟಲು ಹಿಡಿದು ಬೆಳಗಿನವರೆಗೂ ನಿಂತೇ ಇದ್ದನಂತೆ.

ಆ ಕಥೆ ಕೇಳಿ ನನಗೆ ನಾಚಿಕೆಯಾಯಿತು. ನಮ್ಮ ಉಮ್ಮ ಕೇಳಿದ್ದು ಒಂದು ಪ್ರಯಾಣ ಮಾತ್ರ. ಅದಕ್ಕೆ ನಾವು ಎಷ್ಟು ವರ್ಷ ಕಾಯಿಸಿದೆವು! ಉಪ್ಪನ ಕಟ್ಟಡ ಕೆಡವುವ ಮುನ್ನ ಹೋಗಬಹುದಿತ್ತಲ್ಲ?

ಆದ್ದರಿಂದ ಸೋದರಿಯರೇ, ಈ ಬರಹ ಓದಿ ಮಡಚಿಡುವ ಮುನ್ನ ಮನೆಯ ಹಿರಿಯರನ್ನು ಕೇಳಿ. ಪೆಟ್ಟಿಗೆಯ ತಳದಲ್ಲಿ ಹಳೆಯ ಪತ್ರಗಳಿದ್ದರೆ ಅದರ ವಿಳಾಸವನ್ನು ಬರೆದುಕೊಳ್ಳಿ. ಟಿಕೆಟ್ ಕಾದಿರಿಸಿ. ನಮ್ಮ ಬದುಕನ್ನು ಕಟ್ಟಿದ ಬೆವರು ಎಲ್ಲಿ ಹರಿದಿತ್ತೆಂದು ಮಕ್ಕಳೂ ನೋಡಲಿ.

ಹಿಂದಿರುಗುವಾಗ ಉಮ್ಮ ಮಾಹಿಮ್‌ನ ಅಂಗಡಿಗೆ ಹೋಗಿ ಹಲ್ವ ಕೊಂಡರು. ತೆಳುವಾದ ಹಾಳೆ, ನಡುವೆ ಕಾಗದ, ಅದೇ ಹಳೆಯ ರುಚಿ. ಅಂಗಡಿಯವನೊಡನೆ ತಾವೇ ಚೌಕಾಶಿ ಮಾಡಿ, ತಮ್ಮ ಪರ್ಸಿನಿಂದಲೇ ಹಣ ಕೊಟ್ಟರು. ಊರು ತಲುಪಿದ ಮೇಲೆ ನೆರೆಕರೆಯ ಎಲ್ಲ ಮನೆಗಳಿಗೂ ಹಂಚಿದರು. "ಬೊಂಬಾಯಿಯಿಂದ ಯಾರು ಬಂದರು?" ಎಂದು ಕೇಳಿದವರಿಗೆ, "ನಾನೇ" ಎಂದರು.