ಯಾರಿಗೆ ಹಾಕುವ ಟೋಪಿ?

ಖಿದಿರ್‌ಪುರದ ಹಡಗುಕಟ್ಟೆಯ ಬಳಿ ರಸ್ತೆಯಂಚಿನಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಮನೆಯಷ್ಟು ದೊಡ್ಡ ಕಂಟೇನರು ಹೊತ್ತ ಟ್ರೇಲರುಗಳು ಒಂದರ ಹಿಂದೊಂದು ಬರುತ್ತವೆ. ಅವುಗಳ ಚಕ್ರದ ಮಗ್ಗುಲಲ್ಲಿಯೇ ಸ್ಕೂಟರು. ಅದರ ಮೇಲೆ ಹೆಲ್ಮೆಟ್ ಧರಿಸಿದ ಯಜಮಾನರು, ಹಿಂದೆ ಬರಿದಲೆಯ ಗೃಹಿಣಿ, ಮುಂದೆ ಚೀಲ ಹಿಡಿದು ನಿಂತ ಶಾಲೆಯ ಮಗು. ಮನೆಯ ಮೂರು ತಲೆಗಳಲ್ಲಿ ಬೆಲೆಯುಳ್ಳದ್ದು ಒಂದೇ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡೆವಳಿಕೆ ಹೇಳುತ್ತದೆ.

2016ರ ಜುಲೈಯಲ್ಲಿ ಕೋಲ್ಕತ್ತೆಗೆ ‘ಹೆಲ್ಮೆಟ್ ಇಲ್ಲದಿದ್ದರೆ ಪೆಟ್ರೋಲ್ ಇಲ್ಲ’ ಎಂಬ ಕಟ್ಟಳೆ ಬಂದಿತಷ್ಟೆ. ಆಗ ಪಂಪಿನ ಮುಂದೆ (ನಮ್ಮೂರ ಬಂಕಿಗೆ ಇಲ್ಲಿ ಪಂಪೆಂದೇ ಹೆಸರು) ನಡೆದ ವಿನೋದವನ್ನು ಮರೆಯುವಂತಿಲ್ಲ. ಸಾಲಿನಲ್ಲಿ ಮುಂದಿದ್ದವನ ಹೆಲ್ಮೆಟ್ಟನ್ನು ಕಡ ತಂದು, ಪೆಟ್ರೋಲ್ ಹಾಕಿಸಿ, ಹಿಂದಿನವನಿಗೆ ದಾಟಿಸುತ್ತಿದ್ದರು. ಅದು ಪೊಲೀಸರಿಗೆ ಹಾಕಿದ ಟೋಪಿಯೇ ಹೊರತು ತಲೆಗೆ ಹಾಕಿದ್ದಲ್ಲ. ಬೆಂಗಳೂರಿನವರು ನಗಬೇಕಾಗಿಲ್ಲ. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವಾದಾಗ, ಮುಡಿದ ಹೂವಿನ ಗತಿಯೇನೆಂಬುದೇ ನಮ್ಮ ನಂಟರ ಮನೆಗಳಲ್ಲಿ ದೊಡ್ಡ ಚರ್ಚೆ.

ಹಾಲೆಂಡಿನಲ್ಲಿ ಮಂತ್ರಿಗಳೂ ಬರಿದಲೆಯಲ್ಲಿ ಸೈಕಲ್ ತುಳಿಯುತ್ತಾರಲ್ಲ ಎಂದು ವಾದಿಸುವವರುಂಟು. ನಿಜ, ಆದರೆ ಅಲ್ಲಿ ಸೈಕಲಿಗೆ ಬೇರೆಯೇ ದಾರಿ ಮಾಡಿಕೊಟ್ಟಿದ್ದಾರೆ. ಮೋಟಾರು ಸೈಕಲಿಗೆ ಅಲ್ಲಿಯೂ ಹೆಲ್ಮೆಟ್ ಬೇಕೇ ಬೇಕು. 2023ರ ಜನವರಿಯಿಂದ ಸಣ್ಣ ಮೊಪೆಡ್ಡಿಗೂ. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಾದರೆ 1990ರಿಂದಲೇ ಸೈಕಲ್ ಸವಾರನಿಗೂ ಬಿಡುಗಡೆಯಿಲ್ಲ.

ನಮಗೆ ಹತ್ತಿರದ ಪಾಠ ವಿಯೆಟ್ನಾಮಿನದು. ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೋಗುವುದು ಅಲ್ಲಿಯೂ ವಾಡಿಕೆ. 2007ರ ಡಿಸೆಂಬರ್ 15ರಂದು ಕಾನೂನು ಬಿಗಿಯಾಗಿ, ದೊಡ್ಡವರೆಲ್ಲ ಹೆಲ್ಮೆಟ್ ಏರಿಸಿದರು. ಮಕ್ಕಳಿಗೆ ಮಾತ್ರ ಹಾಕಲೊಲ್ಲರು: ಎಳೆಯ ಕುತ್ತಿಗೆಗೆ ಭಾರವಾದೀತೆಂಬ ಅಂಜಿಕೆ. ಕೊನೆಗೆ 2010ರಲ್ಲಿ, ಆರು ವರ್ಷವಾದ ಮಕ್ಕಳ ಹೆಲ್ಮೆಟ್ಟಿಗೆ ಕರೆದೊಯ್ಯುವ ದೊಡ್ಡವರನ್ನೇ ಹೊಣೆ ಮಾಡಿದರು.

ನಮ್ಮಲ್ಲಿಯೂ 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ದಾಟಿದವರಿಗೆಲ್ಲ, ರುಮಾಲು ಸುತ್ತಿದ ಸಿಖ್ಖರನ್ನುಳಿದು, ಹೆಲ್ಮೆಟ್ ಕಡ್ಡಾಯ. ಅಪ್ಪನ ಹಳೆಯದು ಮಗುವಿನ ತಲೆಯಲ್ಲಿ ಗಡಿಗೆಯಂತೆ ಅಲ್ಲಾಡುತ್ತದೆ. ಅಳತೆಗೆ ತಕ್ಕದ್ದು, ಐಎಸ್‌ಐ ಗುರುತಿನದ್ದು ಬೇಕು, ಗದ್ದದ ಪಟ್ಟಿ ಬಿಗಿದಿರಬೇಕು.

ಕಳೆದ ಯುಗಾದಿಯ ಕೂಟದಲ್ಲಿ, ಹೋಳಿಗೆಗೆ ಎಲೆ ಹಾಕುವ ಮುನ್ನ, ಬಾಗಿಲ ಬಳಿ ಸಾಲಾಗಿಟ್ಟಿದ್ದ ಹೆಲ್ಮೆಟ್ಟುಗಳನ್ನು ಸುಮ್ಮನೆ ಎಣಿಸಿದೆ. ಹನ್ನೊಂದಿದ್ದವು. ಅಂಗಳದಲ್ಲಿ ಮಕ್ಕಳು ಇಪ್ಪತ್ತಕ್ಕೂ ಹೆಚ್ಚು ಆಡುತ್ತಿದ್ದರು. ಹನ್ನೊಂದರಲ್ಲಿ ಚಿಕ್ಕ ಅಳತೆಯದು ಒಂದೂ ಇರಲಿಲ್ಲ.