ಹಗುರ ಲ್ಯಾಪ್‌ಟಾಪ್: ಇಳಿದ ತೂಕ ಎಲ್ಲಿ ಹೋಯಿತು?

ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರಿಗೆ ಹೈದರಾಬಾದ್ ಪರಊರಲ್ಲ. ಈ ಸೀಮೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಹೆಚ್ಚಿನ ಓದು ಎಂದರೆ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಆಗಿತ್ತು. ಇವತ್ತಿಗೂ ಡಿಗ್ರಿ ಮುಗಿಸಿದವರು ಸಾಫ್ಟ್‌ವೇರ್ ಕೋಚಿಂಗ್‌ಗೆಂದು ಅಮೀರ್‌ಪೇಟೆಗೆ ಬರುತ್ತಾರೆ, ಕೆಲಸ ಸಿಕ್ಕವರು ಹೈಟೆಕ್ ಸಿಟಿ, ಗಚ್ಚಿಬೌಲಿಯ ದಾರಿ ಹಿಡಿಯುತ್ತಾರೆ. ಇವರಲ್ಲಿ ಬಹುಪಾಲು ಮಂದಿಗೆ ಊರುಬಿಟ್ಟ ಮೇಲಿನ ಮೊದಲ ದೊಡ್ಡ ಖರ್ಚು ಲ್ಯಾಪ್‌ಟಾಪ್. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿ ಎಲ್ಲರೂ ‘ಸಿಟಿಸಿ’ ಎಂದೇ ಕರೆಯುವ ಚೆನಾಯ್ ಟ್ರೇಡ್ ಸೆಂಟರ್‌ನ ಅಂಗಡಿಸಾಲಿಗೆ ಹೋದರೂ, ಮೊಬೈಲಿನಲ್ಲೇ ಆರ್ಡರ್ ಮಾಡಿದರೂ, ಕೇಳುವ ಪ್ರಶ್ನೆಗಳು ಮಾತ್ರ ಅವೇ: ಎಷ್ಟು ಹಗುರ, ಐ5ಓ ಐ7ಓ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ? ಈ ಪ್ರಶ್ನೆಗಳ ಹಿಂದೆ ಕೆಲವು ನಂಬಿಕೆಗಳು ಕೂತಿವೆ. ಅಪ್ಪ ಅಮ್ಮ ಕೂಡಿಟ್ಟ ನಲವತ್ತು ಐವತ್ತು ಸಾವಿರ ರೂಪಾಯಿ ಆ ನಂಬಿಕೆಗಳ ಮೇಲೆ ಖರ್ಚಾಗುತ್ತದೆ. ಆದ್ದರಿಂದಲೇ ಅವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಪರೀಕ್ಷೆಗೆ ಒಂದು ಸೂತ್ರವಿದೆ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಒಂದು ಲಕೋಟೆಯಿಂದ ಮೊದಲ ಮ್ಯಾಕ್‌ಬುಕ್ ಏರ್ ಹೊರತೆಗೆದು ತೋರಿಸಿದಾಗ ಜಗತ್ತು ಬೆರಗಾಯಿತು. ತೂಕ 1.36 ಕೆ.ಜಿ. ಆದರೆ ಅದರಲ್ಲಿ ಸಿಡಿ ಡ್ರೈವ್ ಇರಲಿಲ್ಲ, ನೆಟ್‌ವರ್ಕ್ ಕೇಬಲ್ ಹಾಕುವ ಜಾಗವಿರಲಿಲ್ಲ, ಯುಎಸ್‌ಬಿ ಪೋರ್ಟ್ ಒಂದೇ ಒಂದು. ಬ್ಯಾಟರಿಯನ್ನು ಬಳಸುವವರೇ ಬಿಚ್ಚಿ ಬದಲಿಸುವಂತಿರಲಿಲ್ಲ, ರ‍್ಯಾಮ್ 2 ಜಿಬಿಗೆ ಬೆಸುಗೆ ಹಾಕಿ ಮುಗಿಸಲಾಗಿತ್ತು. ಸಿಡಿ ಡ್ರೈವ್ ಇಲ್ಲವೆಂದು ಇಂದು ಯಾರೂ ಕೊರಗುವುದಿಲ್ಲ. ಹೆಚ್ಚಿಸಲಾಗದ ರ‍್ಯಾಮ್ ಮಾತ್ರ ಬಹಳ ಜನರನ್ನು ಕಾಡಿತು, ಈಗಲೂ ಕಾಡುತ್ತಿದೆ. ತೂಕ ಇಳಿದಾಗಲೆಲ್ಲ ಒಳಗಿನಿಂದ ಏನೋ ಒಂದನ್ನು ತೆಗೆದಿರುತ್ತಾರೆ, ಇಲ್ಲವೇ ದುಬಾರಿ ವಸ್ತುವಿನಿಂದ ಅದನ್ನು ತುಂಬಿರುತ್ತಾರೆ. ಆ ತೆಗೆದದ್ದು ನಮಗೆ ಬೇಕಾದದ್ದೋ ಬೇಡವಾದದ್ದೋ ಎಂದು ತಿಳಿದುಕೊಳ್ಳುವುದೇ ಹಗುರ ಲ್ಯಾಪ್‌ಟಾಪ್ ಆರಿಸುವ ಕೆಲಸ. ತೂಕದ ಅಂಕಿಯೊಂದನ್ನೇ ನೋಡಿದರೆ ಈ ಲೆಕ್ಕ ಕಣ್ಣಿಗೆ ಬೀಳುವುದೇ ಇಲ್ಲ.

ನಂಬಿಕೆ 1: ಭಾರವಿದ್ದರೆ ಗಟ್ಟಿ, ಹಗುರವಿದ್ದರೆ ನಾಜೂಕು

ಪಾತ್ರೆ, ಬೀಗ, ಬಾಗಿಲುಗಳ ವಿಷಯದಲ್ಲಿ ಬಂದ ಅನುಭವವನ್ನು ನಾವು ಲ್ಯಾಪ್‌ಟಾಪಿಗೂ ಅನ್ವಯಿಸುತ್ತೇವೆ. ವಾಸ್ತವ ಬೇರೆ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ ಸುಮಾರು 2.7 ಗ್ರಾಂ ತೂಗಿದರೆ ಅಷ್ಟೇ ಗಾತ್ರದ ಮೆಗ್ನೀಸಿಯಂ 1.74 ಗ್ರಾಂ ತೂಗುತ್ತದೆ. ಮೆಗ್ನೀಸಿಯಂ ಮಿಶ್ರಲೋಹದಿಂದಲೋ ಕಾರ್ಬನ್ ಫೈಬರಿನಿಂದಲೋ ಮಾಡಿದ ಲ್ಯಾಪ್‌ಟಾಪನ್ನು ಕೈಗೆತ್ತಿಕೊಂಡರೆ ಟೊಳ್ಳು ಅನ್ನಿಸಬಹುದು, ಒತ್ತಿದರೆ ತುಸು ಬಾಗಲೂಬಹುದು. ಹಾಗೆಂದು ಅದು ಬೇಗ ಮುರಿಯುತ್ತದೆ ಎಂದಲ್ಲ. ಇತ್ತ 1.7 ಕೆ.ಜಿ.ಯ ಅಗ್ಗದ ಪ್ಲಾಸ್ಟಿಕ್ ಯಂತ್ರದಲ್ಲಿ ಪರದೆಯ ಕೀಲು ಕೂರಿಸಿದ ತಿರುಪಿನ ಬುಡವೂ ಪ್ಲಾಸ್ಟಿಕ್ಕೇ ಆಗಿದ್ದರೆ ವರ್ಷ ಎರಡು ವರ್ಷಕ್ಕೆ ಅದೇ ಮೊದಲು ಕಿತ್ತುಬರುತ್ತದೆ. ಗಟ್ಟಿತನ ನೋಡಬೇಕಾದರೆ ಕೀಲನ್ನು ನೋಡಿ: ಒಂದೇ ಬೆರಳಿನಿಂದ ಮುಚ್ಚಳ ತೆರೆದಾಗ ಕೆಳಭಾಗ ಮೇಲೇಳಬಾರದು, ಪರದೆ ನಿಲ್ಲಿಸಿದಲ್ಲಿ ನಿಲ್ಲಬೇಕು, ಮೂಲೆ ಹಿಡಿದು ಎತ್ತಿದರೆ ಕಿರುಗುಟ್ಟಬಾರದು. ‘ಮಿಲಿಟರಿ ಗ್ರೇಡ್’ ಎಂಬ ಚೀಟಿಗೂ ಅತಿಯಾದ ಬೆಲೆ ಕೊಡಬೇಕಿಲ್ಲ. ಎಂಐಎಲ್-ಎಸ್‌ಟಿಡಿ-810 ಎನ್ನುವುದು ಅಮೆರಿಕದ ರಕ್ಷಣಾ ಇಲಾಖೆ 1962ರಲ್ಲಿ ಹೊರಡಿಸಿದ ಪರೀಕ್ಷಾ ವಿಧಾನಗಳ ಕೈಪಿಡಿ. ಅದರ ಯಾವ ಪರೀಕ್ಷೆಯನ್ನು ಎಷ್ಟು ಕಠಿಣವಾಗಿ ಮಾಡಬೇಕೆಂದು ಕಂಪನಿಯೇ ಆರಿಸಿಕೊಳ್ಳಬಹುದು. ಆ ಇಲಾಖೆ ಯಾವ ಲ್ಯಾಪ್‌ಟಾಪಿಗೂ ಪ್ರಮಾಣಪತ್ರ ಕೊಡುವುದಿಲ್ಲ.

ನಂಬಿಕೆ 2: ಐ5ಕ್ಕಿಂತ ಐ7 ವೇಗ, ಅಂಕಿ ದೊಡ್ಡದಾದಷ್ಟೂ ಒಳ್ಳೆಯದು

ಅಂಗಡಿಗಳಲ್ಲಿ ಹೆಚ್ಚು ಹಣ ಹರಿದುಹೋಗುವುದು ಈ ನಂಬಿಕೆಯಿಂದ. ಇಂಟೆಲ್‌ನ 12ನೇ ತಲೆಮಾರಿನ ಎರಡು ಪ್ರೊಸೆಸರ್‌ಗಳನ್ನು ತೆಗೆದುಕೊಳ್ಳಿ: ಕೋರ್ ಐ5-1235ಯು ಮತ್ತು ಕೋರ್ ಐ7-1255ಯು. ಎರಡರಲ್ಲೂ 10 ಕೋರ್, ಅವುಗಳಲ್ಲಿ ದೊಡ್ಡವು 2, ಸಣ್ಣವು 8. ಎರಡಕ್ಕೂ 12 ಎಂಬಿ ಕ್ಯಾಶ್, ಎರಡರ ಮೂಲ ವಿದ್ಯುತ್ ಮಿತಿಯೂ 15 ವ್ಯಾಟ್. ಗರಿಷ್ಠ ವೇಗ ಒಂದರದ್ದು 4.4 ಗಿಗಾಹರ್ಟ್ಸ್, ಇನ್ನೊಂದರದ್ದು 4.7. ಇತ್ತ ಅದೇ ತಲೆಮಾರಿನ ಐ5-12500ಎಚ್‌ನಲ್ಲಿ ದೊಡ್ಡ ಕೋರ್‌ಗಳೇ 4, ವಿದ್ಯುತ್ ಮಿತಿ 45 ವ್ಯಾಟ್. ಭಾರದ ಕೆಲಸಕ್ಕೆ ಈ ಐ5 ಆ ಐ7ನ್ನು ಹಿಂದೆ ಹಾಕುತ್ತದೆ. ಹೆಸರಿನ ಮುಂದಿನ 5, 7ಕ್ಕಿಂತ ಕೊನೆಯ ಅಕ್ಷರವೇ ಹೆಚ್ಚು ಹೇಳುತ್ತದೆ. ಎಎಂಡಿಯಲ್ಲಿ ಗೊಂದಲ ಇನ್ನೂ ಜಾಸ್ತಿ. ರೈಜನ್ 5 7520ಯು ಮತ್ತು ರೈಜನ್ 5 7530ಯು ಎಂಬ ಹೆಸರುಗಳಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಮೊದಲನೆಯದು 4 ಕೋರ್‌ನ ಹಳೆಯ ಜೆನ್ 2 ವಿನ್ಯಾಸ, ಎರಡನೆಯದು 6 ಕೋರ್‌ನ ಜೆನ್ 3. ಎರಡರ ಮೇಲೂ ‘7000 ಸರಣಿ’ ಎಂಬ ಒಂದೇ ಮೊಹರು.

ಇದರ ಮೇಲೆ ಹೈದರಾಬಾದಿನ ಬಿಸಿಲು ಬೇರೆ. ಚಿಪ್ ಎಷ್ಟು ಹೊತ್ತು ಪೂರ್ಣ ವೇಗದಲ್ಲಿ ಓಡಬಲ್ಲುದು ಎಂಬುದು ಅದರ ಶಾಖ ಎಷ್ಟು ಬೇಗ ಹೊರಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಶಾಖ ಹೊರಹಾಕುವ ತಾಮ್ರದ ಕೊಳವೆ, ಫ್ಯಾನುಗಳಿಗೆ ತೂಕವಿದೆ, ಜಾಗವೂ ಬೇಕು. ತೆಳು ಯಂತ್ರಗಳಲ್ಲಿ ಮೊದಲು ಕತ್ತರಿ ಬೀಳುವುದು ಅವಕ್ಕೇ. ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಬೇಕೆಂದು ಆ್ಯಪಲ್ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಹಾಸ್ಟೆಲಿನ ಮೇಲಿನ ಮಹಡಿಯಲ್ಲಿ, ಎ.ಸಿ. ಇಲ್ಲದ ಕೋಣೆಯಲ್ಲಿ, ಹಾಸಿಗೆಯ ಮೇಲೆ ಇಟ್ಟು ಓಡಿಸುವ ತೆಳು ಲ್ಯಾಪ್‌ಟಾಪಿನೊಳಗೆ ಐ7 ಇದ್ದರೂ ಐ5 ಇದ್ದರೂ ಬಿಸಿಯೇರಿದ ಮೇಲೆ ಎರಡೂ ವೇಗ ತಗ್ಗಿಸಿಕೊಳ್ಳುತ್ತವೆ. ಬರೆಯುವುದು, ಓದುವುದು, ಆನ್‌ಲೈನ್ ತರಗತಿ, ಎಕ್ಸೆಲ್, ಕೋಡಿಂಗ್ ಕಲಿಕೆ ಇಷ್ಟೇ ಕೆಲಸವಿದ್ದರೆ 15 ವ್ಯಾಟಿನ ಐ5 ಸಾಕು. ಐ7ಕ್ಕೆ ಕೊಡುವ ಹೆಚ್ಚಿನ ಹಣವನ್ನು ರ‍್ಯಾಮ್‌ಗೋ ಒಳ್ಳೆಯ ಪರದೆಗೋ ಹಾಕಿದರೆ ದಿನವೂ ಅದರ ಫಲ ಸಿಗುತ್ತದೆ.

ನಂಬಿಕೆ 3: ಪೆಟ್ಟಿಗೆಯ ಮೇಲೆ ಬರೆದ ತೂಕವೇ ಬೆನ್ನ ಮೇಲಿನ ತೂಕ

ಅಲ್ಲ. ಆ ಅಂಕಿಯಲ್ಲಿ ಚಾರ್ಜರ್ ಸೇರಿರುವುದಿಲ್ಲ. ಹಳೆಯ ಮಾದರಿಯ ಇಟ್ಟಿಗೆಯಂಥ ಚಾರ್ಜರ್ ತನ್ನ ವೈರುಗಳ ಸಮೇತ ಸುಮಾರು 300 ಗ್ರಾಂ ಬರುತ್ತದೆ. ಈಗ ಬ್ಯಾಟರಿಯನ್ನು ಇದರ ಜೊತೆ ಕೂಡಿಸಿ ನೋಡಬೇಕು. ‘12 ಗಂಟೆ ಬ್ಯಾಟರಿ’ ಎನ್ನುವುದು ಹೆಚ್ಚಾಗಿ ಪರದೆಯ ಬೆಳಕು ತಗ್ಗಿಸಿ, ಒಂದೇ ವಿಡಿಯೋ ಓಡಿಸಿ ಅಳೆದ ಲೆಕ್ಕ. ಅದಕ್ಕಿಂತ ನಂಬಬಹುದಾದ ಅಂಕಿ ವ್ಯಾಟ್-ಅವರ್. ಕಂಪನಿಯ ವಿವರಪಟ್ಟಿಯಲ್ಲಿ ಅದನ್ನು ಕೊಟ್ಟೇ ಇರುತ್ತಾರೆ. ಬರವಣಿಗೆ, ಬ್ರೌಸಿಂಗ್ ಮಾಡುವಾಗ ತೆಳು ಲ್ಯಾಪ್‌ಟಾಪ್ ಸರಾಸರಿ 7 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 40 ವ್ಯಾಟ್-ಅವರ್ ಬ್ಯಾಟರಿ ಆರು ಗಂಟೆಯೊಳಗೆ ಬರಿದಾಗುತ್ತದೆ, 60 ವ್ಯಾಟ್-ಅವರ್‌ನದ್ದು ಎಂಟೂವರೆ ಗಂಟೆ ನಡೆಯುತ್ತದೆ. ಈ ಎರಡು ಬ್ಯಾಟರಿಗಳ ತೂಕದ ವ್ಯತ್ಯಾಸ ಸುಮಾರು 100 ಗ್ರಾಂ. ಅಂದರೆ ಬ್ಯಾಟರಿ ಸಣ್ಣದು ಮಾಡಿ 1.2 ಕೆ.ಜಿ.ಗೆ ಇಳಿಸಿದ ಯಂತ್ರಕ್ಕೆ ಚಾರ್ಜರ್ ಜೊತೆಗೇ ಬೇಕು, ಒಟ್ಟು ಒಂದೂವರೆ ಕೆ.ಜಿ. ದೊಡ್ಡ ಬ್ಯಾಟರಿಯ 1.3 ಕೆ.ಜಿ. ಯಂತ್ರ ಹೊತ್ತವರು ಚಾರ್ಜರನ್ನು ಮನೆಯಲ್ಲೇ ಬಿಡಬಹುದು. ನಾಗೋಲ್‌ನಲ್ಲಿ ಮೆಟ್ರೊ ಹತ್ತಿ ರಾಯದುರ್ಗದವರೆಗೆ ನಿಂತೇ ಪ್ರಯಾಣ ಮಾಡುವವರ ಹೆಗಲಿಗೆ ‘ಭಾರ’ ಎಂದು ಬರೆದ ಯಂತ್ರವೇ ಹಗುರ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಮಾದರಿಯಾದರೆ ಸಣ್ಣ ಚಾರ್ಜರೊಂದು ಫೋನಿಗೂ ಲ್ಯಾಪ್‌ಟಾಪಿಗೂ ಸಾಕಾಗುತ್ತದೆ. ಆದರೆ ಆ ಆಕಾರದ ಎಲ್ಲ ಕಿಂಡಿಗಳೂ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಕೊಳ್ಳುವ ಮುನ್ನ ಕೇಳಿಯೇ ತಿಳಿಯಬೇಕು.

ನಂಬಿಕೆ 4: ಈಗ 8 ಜಿಬಿ ಇರಲಿ, ಆಮೇಲೆ ರ‍್ಯಾಮ್ ಹಾಕಿಸಿದರಾಯಿತು

ಹಳೆಯ ಲ್ಯಾಪ್‌ಟಾಪ್‌ಗಳ ಕಾಲಕ್ಕೆ ಈ ಮಾತು ಸರಿಯಾಗಿತ್ತು, ಬುದ್ಧಿವಂತಿಕೆಯೂ ಆಗಿತ್ತು. ಈಗಿನ ತೆಳು ಯಂತ್ರಗಳಲ್ಲಿ ಬಹುಪಾಲು ಎಲ್‌ಪಿಡಿಡಿಆರ್ ಎಂಬ ಬಗೆಯ ರ‍್ಯಾಮ್ ಇರುತ್ತದೆ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗವಾಗಿ ಓಡಬೇಕಾದ್ದರಿಂದ ಅದು ಪ್ರೊಸೆಸರಿಗೆ ಆದಷ್ಟು ಹತ್ತಿರ ಇರಬೇಕು, ಹಾಗಾಗಿ ಮದರ್‌ಬೋರ್ಡಿಗೇ ಬೆಸುಗೆ ಹಾಕುತ್ತಾರೆ. ಇದು ಬ್ಯಾಟರಿಯನ್ನೂ ಜಾಗವನ್ನೂ ಉಳಿಸುತ್ತದೆ ಎಂಬುದು ನಿಜ. ಇಲ್ಲಿ ತೂಕಕ್ಕೆ ತೆತ್ತ ಬೆಲೆ ಮುಂದಿನ ದಿನಗಳ ಅವಕಾಶ. ಅಂಗಡಿಯಲ್ಲೇ ಇದನ್ನು ಒಂದು ನಿಮಿಷದಲ್ಲಿ ಪರೀಕ್ಷಿಸಬಹುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿ. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ರೋ ಆಫ್ ಚಿಪ್ಸ್’ ಎಂದಿದ್ದರೆ ಆ ರ‍್ಯಾಮ್ ಬೆಸುಗೆಯದ್ದು. ‘ಎಸ್ಒಡಿಐಎಂಎಂ’ ಎಂದಿದ್ದರೆ ತೆಗೆದು ಬದಲಿಸಬಹುದಾದದ್ದು. ಬ್ರೌಸರಿನಲ್ಲಿ ಹತ್ತಿಪ್ಪತ್ತು ಪುಟ, ಪಕ್ಕದಲ್ಲಿ ವಿಡಿಯೋ ತರಗತಿ, ಜೊತೆಗೊಂದು ಕೋಡಿಂಗ್ ತಂತ್ರಾಂಶ ತೆರೆದರೆ 8 ಜಿಬಿ ಏದುಸಿರು ಬಿಡುತ್ತದೆ. ಬೆಸುಗೆಯ ರ‍್ಯಾಮ್ ಆದರೆ ಮೊದಲ ದಿನವೇ 16 ಜಿಬಿ ಕೊಳ್ಳುವುದು ಲೇಸು. ಎಸ್‌ಎಸ್‌ಡಿಯ ವಿಷಯದಲ್ಲಿ ಇಷ್ಟು ಆತಂಕ ಬೇಡ. ಹೆಚ್ಚಿನ ಮಾದರಿಗಳಲ್ಲಿ ಅದು ಎಂ.2 ಕಿಂಡಿಯಲ್ಲಿ ಕೂರುವುದರಿಂದ ಮುಂದೆ ದೊಡ್ಡದು ಹಾಕಿಸಬಹುದು. ಅತಿ ಅಗ್ಗದ ಯಂತ್ರಗಳಲ್ಲಿ ಬರುವ ಇಎಂಎಂಸಿ ಸಂಗ್ರಹ ಮಾತ್ರ ನಿಧಾನ, ಅದನ್ನೂ ಬೋರ್ಡಿಗೇ ಅಂಟಿಸಿರುತ್ತಾರೆ. ಅದರಿಂದ ದೂರವಿರಿ.

ನಂಬಿಕೆ 5: ಹೊಸ ಸಾಧಾರಣ ಯಂತ್ರಕ್ಕಿಂತ ಹಳೆಯ ದುಬಾರಿ ಯಂತ್ರವೇ ಮೇಲು

ಐಟಿ ಕಂಪನಿಗಳು ಬದಲಿಸಿದ ಹಗುರ ಲ್ಯಾಪ್‌ಟಾಪ್‌ಗಳು ಈ ನಗರದಲ್ಲಿ ಸೆಕೆಂಡ್ ಹ್ಯಾಂಡಿಗೆ ಸಿಗುತ್ತವೆ. ಗಟ್ಟಿ ದೇಹ, ಒಳ್ಳೆಯ ಕೀಬೋರ್ಡ್, ಅರ್ಧಕ್ಕರ್ಧ ಬೆಲೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಎಚ್ಚರ ಹೆಚ್ಚು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ, ಬೆರಳೆಣಿಕೆಯ ವಿನಾಯಿತಿ ಬಿಟ್ಟು, ಇಂಟೆಲ್‌ನ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಬೇಕು. 6 ಅಥವಾ 7ನೇ ತಲೆಮಾರಿನ ಐ7 ಎಷ್ಟೇ ಮಿರುಗುತ್ತಿದ್ದರೂ, ಲಿನಕ್ಸ್ ಬಳಸಬಲ್ಲವರಿಗೆ ಹೊರತು ಅದು ಒಳ್ಳೆಯ ವ್ಯಾಪಾರವಲ್ಲ. ಎರಡನೆಯದು ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿ ಬಳಸಿದರೂ ಸವೆಯುತ್ತದೆ, ಬಿಸಿಯಲ್ಲಿ ಸುಮ್ಮನಿಟ್ಟರೂ ಸವೆಯುತ್ತದೆ. ವಿಂಡೋಸ್‌ನ ಬ್ಯಾಟರಿ ವರದಿ ತೆರೆಸಿ ‘ಡಿಸೈನ್ ಕೆಪಾಸಿಟಿ’ ಮತ್ತು ‘ಫುಲ್ ಚಾರ್ಜ್ ಕೆಪಾಸಿಟಿ’ ಎಂಬ ಎರಡು ಸಾಲು ಹೋಲಿಸಿ. 50,000 ಇದ್ದದ್ದು 30,000 ಮಿಲಿವ್ಯಾಟ್-ಅವರ್‌ಗೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಸೇರಿಸಿಯೇ ಚೌಕಾಸಿ ಮಾಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪ ಬರುತ್ತದೆ: ಸಾಲ ಮಾಡಿ ಓದಿಸುವ ಮನೆಗೆ ತೂಕದ ಚಿಂತೆ ಐಷಾರಾಮವಲ್ಲವೇ? ಈ ಆಕ್ಷೇಪದಲ್ಲಿ ತಿರುಳಿದೆ. ಲ್ಯಾಪ್‌ಟಾಪ್ ಹಾಸ್ಟೆಲಿನ ಮೇಜಿನ ಮೇಲೇ ಇರುತ್ತದೆಂದರೆ ಹಗುರಕ್ಕೆ ದುಡ್ಡು ಸುರಿಯಬಾರದು. 1.7 ಕೆ.ಜಿ.ಯ 15.6 ಇಂಚಿನ ಯಂತ್ರ ಅದೇ ಬೆಲೆಗೆ ಹೆಚ್ಚು ರ‍್ಯಾಮ್, ದೊಡ್ಡ ಪರದೆ ಕೊಡುತ್ತದೆ. ಆಟೋಕ್ಯಾಡ್, ವಿಡಿಯೋ ಎಡಿಟಿಂಗ್‌ನಂಥ ಕೆಲಸ ಇರುವವರಿಗೂ ಭಾರದ ಯಂತ್ರವೇ ತಕ್ಕದ್ದು. ಆದರೆ ವಾರಕ್ಕೆ ಐದಾರು ದಿನ ಅದನ್ನು ಹೊತ್ತು ಬಸ್ಸು, ಮೆಟ್ರೊ, ಶೇರ್ ಆಟೋ ಹತ್ತುವವರಿಗೆ ತೂಕ ಆರೋಗ್ಯದ ಪ್ರಶ್ನೆ, ಬಳಕೆಯ ಪ್ರಶ್ನೆ. ಹೊರಲಾರದೆ ಕೋಣೆಯಲ್ಲೇ ಬಿಟ್ಟುಹೋಗುವ ಯಂತ್ರದಿಂದ ಗ್ರಂಥಾಲಯದಲ್ಲಿ ಓದು ಸಾಗುವುದಿಲ್ಲ. ಇನ್ನೊಂದು ಆಕ್ಷೇಪ: ಐದು ವರ್ಷ ಬಾಳಬೇಕಲ್ಲ, ಕೈಗೆಟುಕುವುದರಲ್ಲಿ ದೊಡ್ಡದನ್ನೇ ಕೊಂಡರೆ ತಪ್ಪೇನು? ಬಾಳಿಕೆ ಮುಖ್ಯವೇ. ಆದರೆ ಬಾಳಿಕೆಯನ್ನು ನಿರ್ಧರಿಸುವುದು ಪ್ರೊಸೆಸರಿನ ಮೇಲಿನ 7 ಎಂಬ ಅಂಕಿಯಲ್ಲ. ಸಾಕಷ್ಟು ರ‍್ಯಾಮ್, ಬದಲಿಸಲು ಸಿಗುವ ಬ್ಯಾಟರಿ, ಗಟ್ಟಿ ಕೀಲು, ನಮ್ಮ ಊರಿನಲ್ಲೋ ಹತ್ತಿರದ ನಗರದಲ್ಲೋ ಇರುವ ಸರ್ವೀಸ್ ಸೆಂಟರ್, ಈ ನಾಲ್ಕು ಇದ್ದರೆ ಸಾಧಾರಣ ಐ5 ಕೂಡ ಐದು ವರ್ಷ ದಾಟುತ್ತದೆ.

ಆದ್ದರಿಂದ ಪ್ರಶ್ನೆಗಳ ಸಾಲನ್ನೇ ಬದಲಿಸಬೇಕು. ಮೊದಲು ನನ್ನ ಕೆಲಸ ಏನು, ದಿನಕ್ಕೆಷ್ಟು ಹೊತ್ತು ಇದನ್ನು ಹೊರಬೇಕು ಎಂದು ತೀರ್ಮಾನಿಸಿ. ಆಮೇಲೆ ರ‍್ಯಾಮ್ ಎಷ್ಟು, ಬೆಸುಗೆಯದ್ದೋ ಅಲ್ಲವೋ ಎಂದು ಕೇಳಿ. ಮೂರನೆಯದಾಗಿ ಬ್ಯಾಟರಿಯ ವ್ಯಾಟ್-ಅವರ್ ಕೇಳಿ, ಚಾರ್ಜರನ್ನೂ ಸೇರಿಸಿ ತೂಗಿಸಿ. ನಾಲ್ಕನೆಯದಾಗಿ ಪ್ರೊಸೆಸರಿನ ಪೂರ್ತಿ ಹೆಸರು ಬರೆದುಕೊಂಡು ಅದರ ಕೋರ್ ಎಷ್ಟು, ವ್ಯಾಟ್ ಎಷ್ಟು ಎಂದು ನೋಡಿ. ಪೆಟ್ಟಿಗೆಯ ಮೇಲಿನ ತೂಕಕ್ಕೆ ಐದನೆಯ ಸ್ಥಾನ. ಮೊದಲ ನಾಲ್ಕಕ್ಕೂ ಸರಿಯಾದ ಉತ್ತರ ಕೊಟ್ಟ ಯಂತ್ರಗಳಲ್ಲಿ ಹೆಚ್ಚು ಹಗುರ ಯಾವುದೋ ಅದನ್ನು ಕೊಳ್ಳಿ. ಆಗ ಕೊಟ್ಟ ಹಣಕ್ಕೂ ಹೊತ್ತ ಭಾರಕ್ಕೂ ಲೆಕ್ಕ ಸರಿಹೋಗುತ್ತದೆ.