ಭತ್ತದ ಅಂಗಾಂಶ ಕೃಷಿಯಲ್ಲಿ ಪ್ರಚೋದಕ ದ್ರವ್ಯಗಳ ಉಪಯೋಗ

ಭತ್ತದ ಸಸಿಮಡಿಗಳಲ್ಲಿ ಕೆಲವು ವೇಳೆ ಉಳಿದ ಸಸಿಗಳನ್ನು ಮೀರಿ, ತೆಳ್ಳಗೆ, ಬಿಳಿಚಿಕೊಂಡು, ನೀಳವಾಗಿ ಬೆಳೆದ ಸಸಿಗಳು ಕಾಣಬರುವುವು. ಅನುಭವವಿಲ್ಲದವರು ಇವನ್ನು ಪುಷ್ಟಿಯಾದ ಸಸಿಗಳೆಂದು ಭಾವಿಸುವುದುಂಟು. ಆದರೆ ಇಂತಹ ಸಸಿಗಳಲ್ಲಿ ಅನೇಕವು ನಾಟಿಯಾದ ಬಳಿಕ ಒಣಗಿ ಸಾಯುವುವು. ಉಳಿದವು ಜಳ್ಳು ತೆನೆಯನ್ನು ಕೊಡುವುವು. ಜಪಾನು ದೇಶದ ರೈತರು ಈ ರೋಗವನ್ನು ‘ಬಕಾನೆ’, ಎಂದರೆ ಮೂಢ ಸಸಿ, ಎಂದು ಕರೆದರು. 1926ರಲ್ಲಿ ಕುರೊಸಾವ ಎಂಬ ವಿಜ್ಞಾನಿಯು ಈ ರೋಗದ ಬೂಷ್ಟನ್ನು ಬೆಳೆಸಿದ ದ್ರವವನ್ನು ಸೋಸಿ ತೆಗೆದು, ಬೂಷ್ಟಿಲ್ಲದ ಆ ದ್ರವದಿಂದಲೇ ಸಸಿಗಳು ನೀಳವಾಗುವುವೆಂಬುದನ್ನು ತೋರಿಸಿದನು. 1935ರಲ್ಲಿ ಯಾಬುತ ಎಂಬ ವಿಜ್ಞಾನಿಯು ಅದರಲ್ಲಿದ್ದ ದ್ರವ್ಯಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟನು. ಗೊಬ್ಬರವಲ್ಲದ ದ್ರವ್ಯವೊಂದು ಅತ್ಯಲ್ಪ ಪ್ರಮಾಣದಲ್ಲಿಯೇ ಪೈರಿನ ಬೆಳವಣಿಗೆಯನ್ನು ಬದಲಿಸಬಲ್ಲದೆಂಬ ಪಾಠವು ಹೀಗೆ ಭತ್ತದಿಂದಲೂ ದೊರೆಯಿತು.

ಪ್ರಚೋದಕವೆಂದರೇನು

ಗೊಬ್ಬರವು ಪೈರಿಗೆ ಆಹಾರ. ಪ್ರಚೋದಕವು ಆಹಾರವಲ್ಲ, ಆಜ್ಞೆ. ಯಾವ ಭಾಗವು ಬೇರಾಗಬೇಕು, ಯಾವುದು ಕುಡಿಯಾಗಬೇಕು ಎಂಬುದನ್ನು ಅದು ಗೊತ್ತುಮಾಡುವುದು. ಅಂಗಾಂಶ ಕೃಷಿಯಲ್ಲಿ ಮುಖ್ಯವಾದವು ಎರಡು ವರ್ಗದವು. ಆಕ್ಸಿನ್ ವರ್ಗದವು ಬೇರುಗಳನ್ನೂ, ಆಕಾರವಿಲ್ಲದ ಅಂಗಾಂಶದ ಗಂಟುಗಳನ್ನೂ ಬೆಳೆಸುವುವು. ಸೈಟೋಕೈನಿನ್ ವರ್ಗದವು ಕುಡಿಗಳನ್ನು ಹೊರಡಿಸುವುವು. ಇವೆರಡರ ಪರಸ್ಪರ ಪ್ರಮಾಣವೇ ಫಲವನ್ನು ನಿರ್ಣಯಿಸುವುದೆಂಬುದನ್ನು 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬವರು ಹೊಗೆಸೊಪ್ಪಿನ ಅಂಗಾಂಶದಲ್ಲಿ ತೋರಿಸಿದರು.

ಪ್ರಯೋಗದ ಕ್ರಮ

ಸಿಪ್ಪೆ ತೆಗೆದ ಭತ್ತದ ಕಾಳುಗಳನ್ನು ಮೊದಲು ಕ್ರಿಮಿನಾಶಕ ದ್ರಾವಣದಲ್ಲಿ ತೊಳೆದು ಶುದ್ಧಿಮಾಡುವರು. ಬಳಿಕ ಅವನ್ನು ಲವಣಗಳು, ಜೀವಸತ್ವಗಳು, ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ ಮತ್ತು ಗಟ್ಟಿಮಾಡುವ ಅಗರ್ ಇವು ಕೂಡಿದ ಪೋಷಕ ಮಾಧ್ಯಮದ ಮೇಲೆ ಇಡುವರು. ಇದನ್ನು ಮೊದಲೇ 121 ಡಿಗ್ರಿ ಸೆಲ್ಸಿಯಸ್ ಶಾಖದ ಹಬೆಯಲ್ಲಿ ಒತ್ತಡದಿಂದ ಬೇಯಿಸಿರತಕ್ಕದ್ದು. ಇಲ್ಲವಾದರೆ ಸಕ್ಕರೆಗೆ ಬೂಷ್ಟು ಹತ್ತಿ ಎಲ್ಲವೂ ಕೆಡುವುದು.

ಈ ಮಾಧ್ಯಮಕ್ಕೆ ಲೀಟರಿಗೆ ಸುಮಾರು 2 ಮಿಲಿಗ್ರಾಂ 2,4-ಡಿ ಎಂಬ ಆಕ್ಸಿನ್ನನ್ನು ಸೇರಿಸಿ ಕತ್ತಲೆಯಲ್ಲಿಟ್ಟರೆ, ಮೂರು ನಾಲ್ಕು ವಾರಗಳಲ್ಲಿ ಕಾಳಿನ ಮೊಳೆಯ ಬದಿಯಿಂದ ನಸುಹಳದಿಯ ಗಂಟು ಬೆಳೆಯುವುದು. ಇದಕ್ಕೆ ಕ್ಯಾಲಸ್ ಎಂದು ಹೆಸರು. ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನೂ, ಹಾಲಿನ ಕೇಸೀನಿನಿಂದ ತಯಾರಿಸಿದ ಪದಾರ್ಥವನ್ನೂ ಸೇರಿಸುವುದರಿಂದ ಗಂಟು ಉತ್ತಮವಾಗುವುದುಂಟು. ಎಳನೀರು ಕೂಡ ಇಂತಹ ಸಹಾಯಕ ದ್ರವ್ಯವೇ; ಪಾಶ್ಚಾತ್ಯ ಪ್ರಯೋಗಶಾಲೆಗಳಲ್ಲಿ 1941ರಿಂದಲೇ ಅದನ್ನು ಎಳೆಯ ಭ್ರೂಣಗಳನ್ನು ಬೆಳೆಸಲು ಉಪಯೋಗಿಸಿರುವರು.

ಮುಂದೆ 2,4-ಡಿಯನ್ನು ಕಡಿಮೆಮಾಡಿ ಅಥವಾ ಪೂರ್ಣವಾಗಿ ಬಿಟ್ಟು, ಕೈನೆಟಿನ್ ಮೊದಲಾದ ಸೈಟೋಕೈನಿನ್ನುಗಳಿರುವ ಮಾಧ್ಯಮಕ್ಕೆ ಗಂಟನ್ನು ಬದಲಾಯಿಸಿ ಬೆಳಕಿನಲ್ಲಿಡುವರು. ಆಗ ಹಸುರು ಚುಕ್ಕೆಗಳು ಮೂಡಿ ಕುಡಿಗಳೊಡೆಯುವುವು. ಬೇರು ಬಂದ ಮೇಲೆ ಸಸಿಗಳನ್ನು ಕ್ರಮಕ್ರಮವಾಗಿ ಹೊರಗಣ ಗಾಳಿಗೆ ಒಗ್ಗಿಸಿ ಮಣ್ಣಿಗೆ ಇಳಿಸುವರು. 2,4-ಡಿಯು ಹೆಚ್ಚು ಕಾಲ ಉಳಿದರೆ ಕುಡಿಗಳು ಹೊರಡಲಾರವು. ಗಂಟನ್ನು ಬಹುಕಾಲ ಹಾಗೆಯೇ ಇಟ್ಟರೆ ಸಸಿಗಳಲ್ಲಿ ಗುಣಭೇದಗಳು ತಲೆದೋರುವುವು. ಜಪಾನಿನ ಗುಂಡುಕಾಳಿನ ತಳಿಗಳಿಗಿಂತ ನಮ್ಮ ದೇಶದ ಇಂಡಿಕ ಭತ್ತಗಳಲ್ಲಿ ಈ ಕೆಲಸವು ಕಷ್ಟತರವಾದುದು. ಆದಕಾರಣ ಪ್ರತಿಯೊಂದು ತಳಿಗೂ ಪ್ರಚೋದಕಗಳ ಪ್ರಮಾಣವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ನಿಶ್ಚಯಿಸಬೇಕಾಗುವುದು.

ಇದರ ಪ್ರಯೋಜನ

ಒಂದು ಭತ್ತದ ಕಾಳಿನಿಂದ ನೂರಾರು ಕಾಳುಗಳು ದೊರೆಯುತ್ತಿರುವಾಗ ಸೀಸೆಯಲ್ಲಿ ಸಸಿ ಬೆಳೆಸುವುದೇಕೆ ಎಂದು ಕೇಳುವುದು ನ್ಯಾಯವಾಗಿಯೇ ಇದೆ. ಬಾಳೆಗೆ ಬೀಜವಿಲ್ಲ, ಅದಕ್ಕೆ ಅಂಗಾಂಶ ಕೃಷಿಯು ಸಸಿಗಳನ್ನು ಹೆಚ್ಚಿಸುವ ದಾರಿ. ಭತ್ತಕ್ಕೆ ಅದು ಹೊಸ ತಳಿಗಳನ್ನು ಬೇಗ ತಯಾರಿಸುವ ಸಾಧನ ಮಾತ್ರ.

ಕೊಡಗಿನ ಮಳೆ, ಮಂಜು ಮತ್ತು ತಂಪು ಹವೆಯಲ್ಲಿ ಬೆಂಕಿರೋಗವು ಬಲವಾಗಿ ಹಬ್ಬುವುದೆಂಬುದು ಅಮ್ಮತ್ತಿ ನಾಡಿನ ಗದ್ದೆಯವರಿಗೆ ಹೇಳಬೇಕಾದುದಿಲ್ಲ. ರೋಗವನ್ನು ತಡೆಯುವ ತಳಿಯೂ ಕೆಲವು ವರ್ಷಗಳಲ್ಲಿ ಹೊಸ ಬಗೆಯ ಬೂಷ್ಟಿಗೆ ಸೋಲುವುದುಂಟು. ಎರಡು ತಳಿಗಳನ್ನು ಸಂಕರಗೊಳಿಸಿ ಶುದ್ಧ ತಳಿಯನ್ನು ಪಡೆಯಲು ಆರೆಂಟು ತಲೆಮಾರುಗಳು ಬೇಕು. ವರ್ಷಕ್ಕೆ ಒಂದೇ ಬೆಳೆಯ ನಾಡಿನಲ್ಲಿ ಅಷ್ಟೇ ವರ್ಷಗಳಾಗುವುವು. ಸಂಕರ ಪೈರಿನ ಪರಾಗಕೋಶಗಳನ್ನು ಪ್ರಚೋದಕವುಳ್ಳ ಮಾಧ್ಯಮದಲ್ಲಿ ಬೆಳೆಸಿದರೆ 24 ವರ್ಣತಂತುಗಳಿಗೆ ಬದಲಾಗಿ 12 ಮಾತ್ರವಿರುವ ಸಸಿಗಳು ಹುಟ್ಟುವುವು. ಅವು ತಾವಾಗಿಯೋ ಔಷಧದಿಂದಲೋ ಇಮ್ಮಡಿಯಾದಾಗ ಒಂದೇ ತಲೆಮಾರಿನಲ್ಲಿ ಶುದ್ಧ ತಳಿಯಾಗುವುವು. ಪರಾಗಕೋಶದಿಂದ ಸಸ್ಯವನ್ನು ಪಡೆಯುವ ಮಾರ್ಗವನ್ನು 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಗುಹಾ ಮತ್ತು ಮಹೇಶ್ವರಿ ಇವರು ದತ್ತೂರಿ ಜಾತಿಯ ಗಿಡದಲ್ಲಿ ಕಂಡುಹಿಡಿದರು. 1968ರಲ್ಲಿ ಜಪಾನಿನಲ್ಲಿ ಭತ್ತದಲ್ಲಿಯೂ ಅದು ಸಾಧ್ಯವಾಯಿತು. ಕಟಕದ ಭತ್ತ ಸಂಶೋಧನಾ ಸಂಸ್ಥೆಯ ‘ಸತ್ಯಕೃಷ್ಣ’, ‘ಫಲ್ಗುಣಿ’ ಎಂಬ ತಳಿಗಳು ಈ ಮಾರ್ಗದಿಂದಲೇ ಬಂದವು.

ಜಮೀನ್ದಾರರು ಗಮನಿಸತಕ್ಕ ವಿಷಯಗಳು

1. ಭತ್ತದ ಅಂಗಾಂಶ ಕೃಷಿ ಸಸಿಗಳೆಂದು ಹೇಳಿ ಯಾರಾದರೂ ಹೆಚ್ಚಿನ ಬೆಲೆಗೆ ಮಾರಲು ಬಂದರೆ ಕೊಳ್ಳಬಾರದು. ಪರೀಕ್ಷಿತ ತಳಿಯ ಶುದ್ಧ ಬೀಜವೇ ಸಾಕು.

2. ಪ್ರಯೋಗಶಾಲೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಗಂಟನ್ನು ಬೆಳೆಸುವ 2,4-ಡಿಯೇ ಗದ್ದೆಯಲ್ಲಿ ಎಕರೆಗೆ ನೂರಾರು ಗ್ರಾಂ ಪ್ರಮಾಣದಲ್ಲಿ ಅಗಲ ಎಲೆಯ ಕಳೆಗಳನ್ನು ಕೊಲ್ಲುವುದು. ಕಾಫಿ, ಕರಿಮೆಣಸು ಮತ್ತು ತರಕಾರಿಗಳೂ ಅಗಲ ಎಲೆಯ ಸಸ್ಯಗಳೇ. ಆದುದರಿಂದ ತೋಟದ ಅಂಚಿನ ಗದ್ದೆಗಳಲ್ಲಿ ಗಾಳಿಯಿರುವಾಗ ಇದನ್ನು ಸಿಂಪಡಿಸಬಾರದು. ಸಿಂಪಡಿಸಿದ ಪಂಪನ್ನು ಇತರ ಬೆಳೆಗಳಿಗೆ ಬಳಸಬಾರದು.

3. ಅಂಗಡಿಗಳಲ್ಲಿ ದೊರೆಯುವ ಜೈವಿಕ ಪ್ರಚೋದಕಗಳು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆಜ್ಞೆಯ ಕೆಳಗೆ ಬಂದಿರುವುವು. ಸೀಸೆಯ ಮೇಲಣ ವಿವರಗಳನ್ನು ಓದಿ, ರಸೀದಿ ಪಡೆದೇ ಕೊಳ್ಳತಕ್ಕದ್ದು.

4. ಮೂಢ ಸಸಿಗಳನ್ನು ಕಂಡೊಡನೆ ಕಿತ್ತು ಸುಡಬೇಕು. ಆ ಗದ್ದೆಯ ಭತ್ತವನ್ನು ಬೀಜಕ್ಕೆ ಇಡಬಾರದು. ಬಿತ್ತುವ ಮುನ್ನ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ, ತೇಲುವ ಜಳ್ಳನ್ನು ತೆಗೆದು, ಉಳಿದುದನ್ನು ಸಿಹಿನೀರಿನಲ್ಲಿ ತೊಳೆಯಬೇಕು.

5. ಮನೆತನಗಳಲ್ಲಿ ಹಿಂದಿನಿಂದ ಉಳಿದು ಬಂದ ನಾಟಿ ಭತ್ತಗಳನ್ನು ಸ್ವಲ್ಪ ನೆಲದಲ್ಲಾದರೂ ಬೆಳೆದು ಬೀಜವನ್ನು ಕಾಪಾಡುವುದು ಅವಶ್ಯಕ. ಪ್ರಚೋದಕವು ಇರುವ ಗುಣವನ್ನು ಬೇಗ ಹೊರತರಬಲ್ಲದೇ ಹೊರತು ಇಲ್ಲದ ಗುಣವನ್ನು ಬೇಕೆಂದಂತೆ ಸೃಷ್ಟಿಸಲಾರದು. ಬೆಂಕಿರೋಗವನ್ನು ತಡೆಯುವ ಗುಣವು ಅಂತಹ ಹಳೆಯ ಭತ್ತವೊಂದರಲ್ಲಿಯೇ ಅಡಗಿರಬಹುದು. ರೋಗ ಬಿದ್ದ ವರ್ಷವೂ ನಿಂತು ತೆನೆ ಕೊಟ್ಟ ನಾಟಿ ತಳಿಯು ತಮ್ಮ ಊರಿನಲ್ಲಿದ್ದರೆ, ತಕ್ಕಮುಖ್ಯಸ್ಥರು ಅದರ ಬೀಜವನ್ನು ಪೊನ್ನಂಪೇಟೆಯ ಸಂಶೋಧನಾ ಕೇಂದ್ರದವರ ಗಮನಕ್ಕೆ ತರುವುದು ನಾಡಿಗೇ ಉಪಕಾರವಾಗುವುದು.